ಚೀನಾ ಗ್ರಾಸ್ ತಿಂದ ತಿಂಗಳು

ರಾಮನಗರದಲ್ಲಿ ಇಪ್ಪತ್ತು ವರ್ಷದಿಂದ ರೇಷ್ಮೆ ಗೂಡಿನ ನೂಲು ತೆಗೆಯುತ್ತಿದ್ದೇನೆ. ಕುದಿನೀರಿನಲ್ಲಿ ತೇಲುವ ಗೂಡಿನಿಂದ, ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಎತ್ತುವ ಕೆಲಸ. ಜಂಬ ಅಂದುಕೊಳ್ಳಿ ಬೇಕಾದರೆ, ನಮ್ಮಲ್ಲಿ ನನ್ನಷ್ಟು ಬೇಗ ಎಳೆ ಹಿಡಿಯುವವರು ಇನ್ನೊಬ್ಬರಿಲ್ಲ. ಆದರೆ ಅದೇ ಬೆರಳುಗಳು ಬಿರುಕು ಬಿಟ್ಟು ಉಪ್ಪುಕಾಗದದಂತಾಗಿವೆ. ರೇಷ್ಮೆ ಸೀರೆ ಮುಟ್ಟಿದರೆ ಸಾಕು, ಎಳೆ ಕಿತ್ತುಬರುತ್ತದೆ. ಅಂಗಡಿಗೆ ಹೋದರೂ ಕೈ ಮಗುಚಿ ಹಿಂಬದಿಯಿಂದಲೇ ಸವರಿ ನೋಡುತ್ತೇನೆ.

ಮಗಳ ಮದುವೆ ಗೊತ್ತಾಯಿತು. ಅವಳ ಧಾರೆ ಸೀರೆಗೆ ನೆರಿಗೆ ಹಿಡಿಯುವವಳು ನಾನೇ ಎಂದು ಅವಳು ಹುಟ್ಟಿದಾಗಲೇ ತೀರ್ಮಾನಿಸಿದ್ದೆ. ಈ ಕೈಯಲ್ಲಿ ಹೇಗೆ ಎಂದು ಈಗ ಸಂಕಟವಾಯಿತು. ಅದನ್ನು ಕಂಡ ಮಗಳು, ಬಿಡದಿಯ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವವಳು, ಒಂದು ದಿನ ಪೊಟ್ಟಣ ತಂದಳು.

"ಸಮುದ್ರದ ಪಾಚಿ ಕಣವ್ವ. ತಿಂದ್ರೆ ಚರ್ಮ ಮೆತ್ತಗಾಯ್ತದಂತೆ, ಮೊಬೈಲಲ್ಲಿ ಹಾಕವ್ರೆ."

ಬಿಚ್ಚಿ ನೋಡಿದರೆ ಚೀನಾ ಗ್ರಾಸ್. ರಂಜಾನ್ ತಿಂಗಳಲ್ಲಿ ನಮ್ಮ ನೂಲಿನ ಕಾರ್ಖಾನೆಯ ಮಾಲೀಕರ ಮನೆಯಿಂದ ಹಾಲಿನಲ್ಲಿ ಕಾಯಿಸಿ, ಆರಿಸಿ, ತುಂಡು ಮಾಡಿ ಕಳಿಸುತ್ತಾರಲ್ಲ, ಅದೇ. ಇಷ್ಟು ವರ್ಷ ಚಪ್ಪರಿಸಿ ತಿಂದದ್ದು ಪಾಚಿಯೆಂದು ನನಗೇ ಗೊತ್ತಿರಲಿಲ್ಲ. ಒಂದು ತಿಂಗಳು ಬಿಡದೆ ತಿಂದೆ. ಮುಖಕ್ಕೆ ಒಸಿ ಕಳೆ ಬಂದಿತ್ತು. ಅದು ಪಾಚಿಯದೋ ಮದುವೆ ಸಂಭ್ರಮದ್ದೋ ಹೇಳಲಾರೆ. ಬೆರಳು ಮಾತ್ರ ಹಾಗೇ ಇತ್ತು. ಹಗಲೆಲ್ಲ ಬೇಯುವ ಕೈಗೆ ಯಾವ ಪಾಚಿ ತಾನೇ ಏನು ಮಾಡೀತು?

ಮದುವೆಯ ದಿನ ನೆರಿಗೆ ಹಿಡಿಯಲು ನಮ್ಮಕ್ಕನನ್ನು ಕರೆದೆ. ಮಗಳು ಒಪ್ಪಲಿಲ್ಲ. "ನೀನೇ ಹಿಡಿಯವ್ವ" ಎಂದು ಸೀರೆಯನ್ನು ನನ್ನ ಕೈಗೇ ಕೊಟ್ಟಳು. ಉಸಿರು ಬಿಗಿಹಿಡಿದು ಶುರುಮಾಡಿದೆ. ಐದನೇ ನೆರಿಗೆಗೆ ಬೆರಳು ಸಿಕ್ಕಿಕೊಂಡು ಒಂದು ಎಳೆ ಎದ್ದು ಬಂತು.

"ಹೊಸ ಸೀರೆ ಹಾಳ್ ಮಾಡ್ಬುಟ್ಯಲ್ಲೇ" ಎಂದಳು ಅಕ್ಕ. ನನಗೆ ಅಳುವೇ ಬಂತು.

ಮಗಳು ಆ ಎಳೆಯನ್ನು ಮೆಲ್ಲಗೆ ಸವರಿದಳು. "ಇಂಥ ಎಳೆ ತೆಗ್ದು ತೆಗ್ದೇ ಅಲ್ವಾ ದೊಡ್ಡವ್ವ, ನಮ್ಮವ್ವ ನನ್ನ ಸಾಕಿದ್ದು" ಎಂದಳು. ಆ ನೆರಿಗೆಯನ್ನೇ ಎಲ್ಲರಿಗೂ ಕಾಣುವಂತೆ ಮುಂದಕ್ಕಿಟ್ಟುಕೊಂಡು ಧಾರೆ ಮಂಟಪಕ್ಕೆ ನಡೆದಳು. ನಾನು ತಲೆ ಎತ್ತಿಕೊಂಡು ಅವಳ ಹಿಂದೆ ಹೋದೆ.