ಕೆಂಪು ಮದ್ದಿನ ಪಾಠ ಹೇಳುವ ಕುಲ್ಸುಮ್ ಸಿಸ್ಟರ್

ಯಶವಂತಪುರದ ರೈಲು ನಿಲ್ದಾಣದ ಕಡೆಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯ ಕೂಗು ಕೇಳುವ ಹೊತ್ತಿಗೆ ಕುಲ್ಸುಮ್ ಸಿಸ್ಟರ್ ವಾರ್ಡಿನ ಮಂಚಗಳನ್ನು ಒಂದೊಂದಾಗಿ ಕಿಟಕಿಯತ್ತ ಎಳೆಯುತ್ತಿದ್ದಾರೆ. ಆಯಾ ಇನ್ನೂ ನೆಲ ಒರೆಸುತ್ತಿದ್ದಾಳೆ. ಬಿಸಿಲು ಮೂಡಣದ ಗೋಡೆ ದಾಟಿ ಒಳಗೆ ಬಿದ್ದಾಗ ಪ್ರತಿ ಮಂಚದ ಬಲಗಡೆಗೂ ಬೆಳಕಿರಬೇಕು, ಅದು ಅವರ ಲೆಕ್ಕ. “ನರ ಚೆನ್ನಾಗಿ ಕಾಣ್ಬೇಕಲ್ಲ? ಟ್ಯೂಬ್‌ಲೈಟ್ ನಂಬ್ಕೊಂಡು ಈ ಕೆಲ್ಸ ಮಾಡಕ್ಕಾಗಲ್ಲ, ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಯಾರಿಗ್ ಗೊತ್ತು” ಎನ್ನುತ್ತಾರೆ. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೊಂದು ಮಂಚಕ್ಕೆ ಕೈ ಹಾಕುತ್ತಾರೆ.

ಇದು ಯಶವಂತಪುರ ಮತ್ತು ಮತ್ತಿಕೆರೆಯ ನಡುವೆ ಇರುವ ಒಂದು ಹಳೆಯ ಧರ್ಮಾಸ್ಪತ್ರೆ. ಹಿಂಭಾಗದ ಈ ಸಣ್ಣ ವಾರ್ಡಿಗೆ ಕ್ಯಾನ್ಸರ್ ರೋಗಿಗಳು ಬೆಳಿಗ್ಗೆ ಬಂದು, ನರಕ್ಕೆ ಮದ್ದು ಹಾಕಿಸಿಕೊಂಡು, ಸಂಜೆಯೊಳಗೆ ಮನೆಗೆ ಹೋಗುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮಂದಿ. ಮದ್ದು ಬರೆದುಕೊಡುವವರು ಡಾಕ್ಟರು. ಅದನ್ನು ಬೆರೆಸಿ, ಸೂಜಿ ಚುಚ್ಚಿ, ಪಕ್ಕದಲ್ಲಿ ಕೂತು ಒಳಗೆ ಬಿಡುವವರು ನರ್ಸುಗಳು. ಆ ನರ್ಸುಗಳಿಗೆ ಅದನ್ನು ಕಲಿಸುವವರು ಕುಲ್ಸುಮ್. ಆಸ್ಪತ್ರೆಯ ಹೊರಗೆ ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಅವರ ತಂದೆ ಖಾದರ್ ಬಾಷಾ ಯಶವಂತಪುರ ನಿಲ್ದಾಣದ ಮುಂದೆ ಜಟಕಾ ಗಾಡಿ ಓಡಿಸುತ್ತಿದ್ದರು. ತುಮಕೂರು, ಅರಸೀಕೆರೆ ಕಡೆಯಿಂದ ರೈಲಿಳಿದ ಕಾಯಿಲೆಯವರನ್ನು ಇದೇ ಆಸ್ಪತ್ರೆಯ ಬಾಗಿಲಿಗೆ ತಂದು ಬಿಡುತ್ತಿದ್ದರು. ಮಗಳು ನರ್ಸಿಂಗ್ ಓದುತ್ತೇನೆ ಎಂದಾಗ ಸಂಬಂಧಿಕರು ಮುಖ ತಿರುಗಿಸಿದರು. ಗಂಡಸರ ಮೈ ಮುಟ್ಟುವ ಕೆಲಸ, ಮದುವೆ ಹೇಗಾದೀತು ಎಂದರು. “ಅಬ್ಬಾ ಒಂದೇ ಮಾತು ಹೇಳಿದ್ರು ನೋಡಿ” ಎಂದು ಕುಲ್ಸುಮ್ ನೆನೆಯುತ್ತಾರೆ. “ನಾನು ಜನರನ್ನ ಬಾಗಿಲ ತನಕ ತಂದು ಬಿಡ್ತೀನಿ ಬೇಟಿ, ಒಳಗೆ ಅವರಿಗೆ ಏನಾಗುತ್ತೋ ಗೊತ್ತಿಲ್ಲ. ನೀನು ಒಳಗಿರು ಅಂದ್ರು. ಇವತ್ತಿಗೂ ಅಬ್ಬಾಗೆ ದುವಾ ಮಾಡ್ದೆ ಮಲಗಲ್ಲ ನಾನು.”

೧೯೭೯ರಲ್ಲಿ ಈ ಆಸ್ಪತ್ರೆಗೆ ಕೆಂಪು ಬಣ್ಣದ ಒಂದು ಹೊಸ ಮದ್ದು ಬಂತು. ಕೆಲವು ಬಗೆಯ ಕ್ಯಾನ್ಸರ್ ಗಡ್ಡೆಗಳನ್ನು ಕರಗಿಸುವ ಶಕ್ತಿ ಅದಕ್ಕಿತ್ತು. ಆದರೆ ನರದೊಳಗೇ ಹೋಗಬೇಕು. ನರ ತಪ್ಪಿ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಇದನ್ನು ನರ್ಸುಗಳಿಗೆ ಯಾರೂ ಹೇಳಿರಲಿಲ್ಲ. ಅವರು ಬಿ-ಕಾಂಪ್ಲೆಕ್ಸ್ ಬೆರೆಸಿದಂತೆ ಅದನ್ನೂ ಬರಿಗೈಯಲ್ಲಿ ಬೆರೆಸುತ್ತಿದ್ದರು, ಟೀ ಕುಡಿಯುವ ಮೇಜಿನ ಮೇಲೇ.

ಬಾಗಲಗುಂಟೆಯಲ್ಲಿ ಸೊಪ್ಪು ಬೆಳೆದು ಮಾರುವ ಮುನಿಕೆಂಪಮ್ಮ ಕೊರಳಲ್ಲಿ ಗಂಟೆದ್ದು ಬಂದವರು. ಅವರಿಗೆ ಮದ್ದು ಹಾಕಿದ್ದು ಗೋಪಾಲಮ್ಮ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಮತ್ತಿಕೆರೆಯ ಹುಡುಗಿ. ಅಂಗೈ ಹಿಂಬದಿಯ ಸಣ್ಣ ನರಕ್ಕೆ ಸೂಜಿ ಚುಚ್ಚಿದಳು. ಮುನಿಕೆಂಪಮ್ಮ “ಉರೀತದೆ ಕಣವ್ವಾ” ಎಂದರು. ಎಲ್ಲ ಇಂಜೆಕ್ಷನ್ನಿಗೂ ಹೇಳುವಂತೆ ಗೋಪಾಲಮ್ಮ “ಸ್ವಲ್ಪ ತಡ್ಕೊಳಿ, ಆಗೋಯ್ತು” ಎಂದಳು. ಕೈ ಚೂರು ಊದಿತ್ತು ಅಷ್ಟೆ. ವಾರ ಕಳೆದು ಮುನಿಕೆಂಪಮ್ಮ ಮರಳಿ ಬಂದಾಗ ಅಂಗೈ ಹಿಂಬದಿಯ ಚರ್ಮ ಕಪ್ಪಾಗಿ ಬಿರಿದಿತ್ತು. ಸತ್ತ ಮಾಂಸ ತೆಗೆದು, ತೊಡೆಯ ಚರ್ಮ ತಂದು ಹೊದಿಸಬೇಕಾಯಿತು. ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಗೋಪಾಲಮ್ಮನನ್ನು ಕೆಲಸದಿಂದ ತೆಗೆಯಬೇಕೆಂದು ಆಡಳಿತದವರು ಸಭೆ ಕರೆದರು. ಆ ಹುಡುಗಿ ಅಷ್ಟರಲ್ಲಿ ಅನ್ನ ನೀರು ಬಿಟ್ಟಿದ್ದಳು, ಸಿರಿಂಜ್ ಮುಟ್ಟುವುದನ್ನೇ ನಿಲ್ಲಿಸಿದ್ದಳು. ಸಭೆಯಲ್ಲಿ ವಾರ್ಡಿನ ಹಿರಿಯ ಸಿಸ್ಟರ್ ಎಂದು ಕುಲ್ಸುಮ್ ಅವರನ್ನೂ ಕೂರಿಸಿದ್ದರು. ಅವರು ಎದ್ದು ನಿಂತು ಕೇಳಿದ್ದು ಇಷ್ಟು: “ಈ ಹುಡುಗಿಗೆ ಇದನ್ನ ಕಲ್ಸಿದ್ದು ಯಾರು? ಅವರನ್ನೂ ಕರೀರಿ.” ಉತ್ತರ ಕೊಟ್ಟವರು ಹಿರಿಯ ಡಾಕ್ಟರು. “ಯಾರೂ ಕಲಿಸಿಲ್ಲ. ನಾನು ಮದ್ದು ಬರೆದೆ, ಕಲಿಸಲಿಲ್ಲ. ಈ ಹುಡುಗಿ ಒಬ್ಬಳನ್ನೇ ಕಳಿಸೋದು ನ್ಯಾಯ ಅಲ್ಲ.” ಆ ಡಾಕ್ಟರ ದೊಡ್ಡತನವನ್ನು ಕುಲ್ಸುಮ್ ಇವತ್ತಿಗೂ ಕೈಯೆತ್ತಿ ಮುಗಿದು ಹೇಳುತ್ತಾರೆ. ಅವರೇ ಮದ್ರಾಸಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬರೆದು ಕುಲ್ಸುಮ್ ಅವರನ್ನು ಕಲಿಯಲು ಕಳಿಸಿದರು.

ಮದ್ರಾಸಿನಲ್ಲಿ ತಿಂಗಳೊಪ್ಪತ್ತು ಇದ್ದರು. ತಮಿಳು ಅರೆಬರೆ. ಅಲ್ಲಿನ ನರ್ಸುಗಳ ಬೆನ್ನಿಗೇ ನಿಂತು ನೋಡಿದರು, ಕೇಳಿದರು, ಕೈಯಾರೆ ಮಾಡಿದರು. ಯಾವ ನರ ಆರಿಸಬೇಕು, ಕೀಲಿನ ಹತ್ತಿರ ಏಕೆ ಚುಚ್ಚಬಾರದು, ಮೊದಲು ಸಲೈನ್ ಬಿಟ್ಟು ಹೇಗೆ ಪರೀಕ್ಷಿಸಬೇಕು, ಸೂಜಿ ಇನ್ನೂ ನರದಲ್ಲೇ ಇದೆಯೇ ಎಂದು ತಿಳಿಯಲು ನಡುನಡುವೆ ಸಿರಿಂಜಿಗೆ ರಕ್ತ ಮರಳಿ ಬರುವುದನ್ನು ಹೇಗೆ ನೋಡಬೇಕು. ಕೈಗವಸಿಲ್ಲದೆ ಬೆರೆಸಿದರೆ ಬೆರೆಸುವವಳ ಮೈಗೂ ಕೇಡು, ಬಸುರಿಯರು ಆ ಮೇಜಿನ ಹತ್ತಿರವೂ ಸುಳಿಯಬಾರದು ಎಂಬುದು ಗೊತ್ತಾಗಿದ್ದೂ ಅಲ್ಲೇ.

ಮರಳಿ ಬಂದರೆ ಇನ್ನೊಂದು ಕಷ್ಟ ಕಾದಿತ್ತು. ಮುನಿಕೆಂಪಮ್ಮ ಆಸ್ಪತ್ರೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಕೊರಳ ಗಂಟು ಅರ್ಧ ಕರಗಿತ್ತು, ಮದ್ದು ನಿಲ್ಲಿಸಿದರೆ ಮತ್ತೆ ಬೆಳೆಯುತ್ತಿತ್ತು. ಕುಲ್ಸುಮ್ ಡ್ಯೂಟಿ ಮುಗಿಸಿ ಬಾಗಲಗುಂಟೆಗೆ ಬಸ್ ಹಿಡಿದು, ಅಂಗಳದಲ್ಲಿ ಕೂತು ಗಾಯಕ್ಕೆ ಪಟ್ಟಿ ಕಟ್ಟಿ ಬರತೊಡಗಿದರು. ಮದ್ದಿನ ಮಾತು ಎತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ಮುನಿಕೆಂಪಮ್ಮನೇ ಕೇಳಿದರಂತೆ, ಆ ಹುಡುಗಿ ಏನಾದಳು ಎಂದು.

ಮುಂದಿನದನ್ನು ಮುನಿಕೆಂಪಮ್ಮನ ಬಾಯಿಂದಲೇ ಕೇಳಿದೆ. ಸೊಪ್ಪಿನ ಕುಕ್ಕೆ ಇಳಿಸಿ, ಎಲೆಅಡಿಕೆ ಮಡಚುತ್ತ ಅವರು ಹೇಳುತ್ತಾರೆ. “ಅಳ್ತಾ ಕೂತವ್ಳೆ, ಸೂಜೀನೇ ಮುಟ್ಟಾಕಿಲ್ಲ ಅಂತವ್ಳೆ ಅಂದ್ರು ಕುಲ್ಸುಮಮ್ಮ. ಅಯ್ಯೋ ಪಾಪ ಅನ್ನಿಸ್ತು ಸ್ವಾಮಿ. ನಂಗೂ ಆ ವಯಸ್ಸಿನ ಮಗಳವ್ಳೆ. ಸರಿ, ಬತ್ತೀನಿ, ಆದ್ರೆ ಮದ್ದು ಅವ್ಳೇ ಆಕ್ಬೇಕು ಅಂದೆ. ನೀವು ಪಕ್ದಾಗೆ ನಿಂತ್ಕಳಿ, ಅವ್ಳೇ ಆಕ್ಲಿ. ಇಂಗೆ ಒಂದ್ ಸಲ ಸುಟ್ಕಂಡೋಳು ಇನ್ನೊಂದ್ ಸಲ ಯಾಮಾರ್ತಾಳಾ?”

ಹಾಗೆಯೇ ಆಯಿತು. ಈ ಬಾರಿ ಇನ್ನೊಂದು ಕೈ, ಮುಂಗೈಯ ದಪ್ಪ ನರ. ಗೋಪಾಲಮ್ಮ ಮೊದಲು ಸಲೈನ್ ಬಿಟ್ಟಳು, ರಕ್ತ ಮರಳುವುದನ್ನು ನೋಡಿದಳು, ಕೆಂಪು ಮದ್ದನ್ನು ಚೂರು ಚೂರಾಗಿ ಒಳಗೆ ಬಿಟ್ಟಳು. ಪ್ರತಿ ಸಲವೂ “ಉರೀತಿದ್ಯಾ ಅಮ್ಮ?” ಎಂದು ಕೇಳಿದಳು. ಮುಗಿದ ಮೇಲೆ ಮುನಿಕೆಂಪಮ್ಮ ಅವಳ ತಲೆಯ ಮೇಲೆ ಪಟ್ಟಿ ಕಟ್ಟಿದ ಕೈಯನ್ನೇ ಇಟ್ಟರಂತೆ. “ಅವತ್ತು ನಾವು ಮೂರೂ ಜನ ಅತ್ತಿದ್ದೇ ಅತ್ತಿದ್ದು” ಎಂದು ಕುಲ್ಸುಮ್ ನಗುತ್ತಾರೆ. ಕೊರಳ ಗಂಟು ಹೋಯಿತು, ಮತ್ತೆ ಬಂದಿಲ್ಲ.

ಆಸ್ಪತ್ರೆಯ ಹಳೆಯ ಬಟ್ಟೆ ಕೋಣೆಯಲ್ಲಿ ಆ ವರ್ಷವೇ ಪಾಠ ಶುರುವಾಯಿತು. ಮೊದಲ ದಿನ ಕುಲ್ಸುಮ್ ಯಾರ ಕೈಗೂ ಸಿರಿಂಜ್ ಕೊಡುವುದಿಲ್ಲ. “ಮಲಗಿ” ಎನ್ನುತ್ತಾರೆ. ಕಲಿಯಲು ಬಂದವರು ಒಬ್ಬೊಬ್ಬರಾಗಿ ಮಂಚದ ಮೇಲೆ ಮಲಗಿ, ತಮ್ಮ ಕೈಗೇ ಸಲೈನ್ ಹಾಕಿಸಿಕೊಳ್ಳಬೇಕು. “ಮಲಗಿದಾಗ ನರ್ಸ್ ಮುಖ ಎಷ್ಟು ಎತ್ತರದಲ್ಲಿ ಕಾಣುತ್ತೆ ಗೊತ್ತಾಗ್ಬೇಕು. ಅಷ್ಟೆತ್ತರದಲ್ಲಿ ಇರೋರಿಗೆ ನೋಯ್ತಿದೆ ಅಂತ ಹೇಳೋಕೆ ಜನಕ್ಕೆ ಬಾಯಿ ಬರಲ್ಲ. ಅದಕ್ಕೇ ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ ಅಂತೀನಿ.” ಎರಡನೆಯ ದಿನ ಮುನಿಕೆಂಪಮ್ಮ ಬರುತ್ತಾರೆ. ಯಾರೂ ಕರೆಯದಿದ್ದರೂ, ಹೊಸಬರು ಬಂದಿದ್ದಾರೆಂದು ತಿಳಿದರೆ ಸಾಕು. ಕೈ ಮುಂದೆ ಚಾಚಿ ಗಾಯದ ಗುರುತು ಮುಟ್ಟಿ ನೋಡಲು ಹೇಳುತ್ತಾರೆ. ಅಲ್ಲಿಂದೀಚೆಗೆ ಈ ಎಂಟು ವರ್ಷದಲ್ಲಿ ಈ ವಾರ್ಡಿನಲ್ಲಿ ಇನ್ನೊಂದು ಅಂಥ ಕೈ ಆಗಿಲ್ಲ.

ಇವತ್ತು ಚಿಕ್ಕಬಾಣಾವರದಿಂದ ಕಲಿಯಲು ಬಂದ ನರ್ಸ್ ಅಂಜನಮ್ಮನ ಸರದಿ. ರೋಗಿಯೊಬ್ಬರಿಗೆ ಅವಳು ಮೊದಲ ಸಲ ಕೆಂಪು ಮದ್ದು ಹಾಕುತ್ತಿದ್ದಾಳೆ. ಮಂಚದ ಮೇಲಿರುವವರು ರೈಲ್ವೆ ಹಳಿ ಕೆಲಸದ ಪಂಚಪ್ಪ, ನೋವು ಹೇಳಿಕೊಳ್ಳುವ ಪೈಕಿಯವರಲ್ಲ. ಕುಲ್ಸುಮ್ ಹಿಂದೆ ನಿಂತಿದ್ದಾರೆ. ಅರ್ಧ ಮದ್ದು ಹೋಗಿರಬೇಕು, ಪಂಚಪ್ಪನ ಕಾಲ್ಬೆರಳು ಹೊದಿಕೆಯ ಕೆಳಗೆ ಮುದುರಿಕೊಳ್ಳುತ್ತದೆ. ಅಂಜನಮ್ಮನ ಕೈ ಅಲ್ಲೇ ನಿಲ್ಲುತ್ತದೆ.

“ಉರೀತಿದ್ಯಾ ಅಣ್ಣ?”

“ಏನಿಲ್ಲ ತಾಯಿ. ಆಕು ನೀನು. ಸ್ವಲ್ಪಾನೇ ಐತಲ್ಲ.”

“ಸ್ವಲ್ಪ ಆದ್ರೂ ಹಾಕಲ್ಲ. ಎಲ್ಲಿ ಅಂತ ತೋರ್ಸಿ.”

ಪಂಚಪ್ಪ ಸಂಕೋಚದಿಂದ ಸೂಜಿಯ ಮೇಲುಗಡೆ ಬೆರಳಿಡುತ್ತಾರೆ. ಅಂಜನಮ್ಮ ಸಿರಿಂಜ್ ಹಿಂದಕ್ಕೆಳೆದು ನೋಡುತ್ತಾಳೆ. ರಕ್ತ ಬರುವುದಿಲ್ಲ. ಸೂಜಿ ನರದಿಂದ ಜಾರುತ್ತಿದೆ. ಇದ್ದಷ್ಟು ಮದ್ದನ್ನು ಹಿಂದಕ್ಕೆಳೆದು, ಸೂಜಿ ತೆಗೆದು, ಡಾಕ್ಟರಿಗೆ ಹೇಳಿಕಳಿಸಿ, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, ಮಂಜುಗಡ್ಡೆ ತರಿಸುತ್ತಾಳೆ. ಡಾಕ್ಟರು ಬಂದು ನೋಡಿ, ಸೋರಿರುವ ಹಾಗೆ ಕಾಣುವುದಿಲ್ಲ, ಆದರೂ ಇವತ್ತು ಬೇಡ, ಪಂಚಪ್ಪ ಇಲ್ಲೇ ಇರಲಿ, ಕೈ ನೋಡುತ್ತಿರೋಣ ಎಂದು ಹೇಳಿ ಹೋಗುತ್ತಾರೆ. ಆಗ ಮಾತ್ರ ಅವಳ ತುಟಿ ಅದುರುತ್ತದೆ. ಇಷ್ಟರ ನಡುವೆ ಕುಲ್ಸುಮ್ ಕೈ ಹಾಕಿಲ್ಲ, ಹಿಂದೆಯೇ ನಿಂತಿದ್ದಾರೆ. ಈಗ ಮುಂದೆ ಬಂದು ಅವಳ ಹೆಗಲು ಹಿಡಿದು, “ಶಾಬಾಶ್ ಬೇಟಾ. ಹೋಗು, ಮುಖ ತೊಳ್ಕೊಂಡು ಬಾ” ಎನ್ನುತ್ತಾರೆ.

“ಆ ಮಗೀಗೆ ಯಾಕ್ ಗಾಬ್ರಿ?” ಎಂದು ಪಂಚಪ್ಪ ಕೇಳುತ್ತಾರೆ. “ಅದು ನಿಲ್ಸಿದ್ದಕ್ಕೆ ನಂಗ್ ಒಳ್ಳೇದೇ ಆತು ಅಲ್ವಾ?”

“ಹೂಂ ಪಂಚಪ್ನೋರೆ. ಅವಳು ಬಂದ್ಮೇಲೆ ಅದನ್ನ ಅವಳಿಗೇ ಹೇಳಿ” ಎನ್ನುತ್ತಾರೆ ಕುಲ್ಸುಮ್.

ಮರುದಿನ ಊತವಿಲ್ಲ, ಕೆಂಪಿಲ್ಲ. ಇನ್ನೊಂದು ಕೈಗೆ ಉಳಿದ ಮದ್ದು ಹಾಕಿಸಿಕೊಂಡ ಪಂಚಪ್ಪ, ಮಗಳಿಗೆ ಹೇಳುವಂತೆ ಅಂಜನಮ್ಮನಿಗೆ “ಬರ್ತೀನಿ ತಾಯಿ” ಎಂದು ಹೇಳಿ ಹೋದರೆಂದು ಆಮೇಲೆ ತಿಳಿಯಿತು.

ಕುಲ್ಸುಮ್‌ಗೆ ಈಗ ಐವತ್ತು ಸಮೀಪಿಸಿದೆ. ಆರ್.ಟಿ. ನಗರದ ಸಣ್ಣ ಮನೆಯಲ್ಲಿ ವಯಸ್ಸಾದ ತಾಯಿಯೊಂದಿಗೆ ಇದ್ದಾರೆ. ಸನ್ಮಾನ, ಹಾರ ಯಾವುದೂ ಈ ತನಕ ಆಗಿಲ್ಲ, ಅದರ ಮಾತೆತ್ತಿದರೆ ಕೈ ಬೀಸಿ ಬಿಡುತ್ತಾರೆ. ಅವರ ಮುಖ ಅರಳುವುದು ಬೇರೊಂದು ಸುದ್ದಿಗೆ. ಮುಂದಿನ ತಿಂಗಳು ಗೋಪಾಲಮ್ಮ ಕೋಲಾರದ ಆಸ್ಪತ್ರೆಯೊಂದಕ್ಕೆ ಹೋಗುತ್ತಿದ್ದಾರೆ, ಅಲ್ಲಿನ ನರ್ಸುಗಳಿಗೆ ಇದನ್ನೇ ಕಲಿಸಲು.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ಕೋಲಾರದಲ್ಲಿ ಅವಳ ಮೊದಲ್ನೇ ಕ್ಲಾಸ್ ಇರೋ ದಿವಸ ಒಂದು ರಜಾ ಕೇಳಿದೀನಿ. ಹಿಂದಿನ ಬೆಂಚಲ್ಲಿ ಕೂತು ಕೇಳ್ಬೇಕು. ನಾನ್ ಏನೂ ಮಾತಾಡಲ್ಲಪ್ಪ. ಸುಮ್ನೆ ಕೂತು ಕೇಳಿ, ಸಂಜೆ ಬಸ್ಸಿಗೆ ವಾಪಸ್ ಬಂದ್ಬಿಡ್ತೀನಿ.”