ಲಾಕಿನೊಳಗಿನ ಭಾನುವಾರಗಳು

ಕಾರಿನ ಡಿಕ್ಕಿ ತೆಗೆದರೆ ಈಗಲೂ ಸುಮಿತ್ರಕ್ಕನ ವಾಸನೆ ಬರುತ್ತದೆ. ಹೀಗೆಂದರೆ ಅವರು ಮುಖ ಸಿಂಡರಿಸಿಯಾರು. ಸರಿಯಾಗಿ ಹೇಳಬೇಕೆಂದರೆ ಅದು ಅವರ ಲೈಫ್ ಜಾಕೆಟ್ಟಿನ ವಾಸನೆ. ಪಾಚಿ, ಸನ್‌ಸ್ಕ್ರೀನ್, ಒಂದಿಷ್ಟು ಕೊಬ್ಬರಿ ಎಣ್ಣೆ. ಅವರು ಊರಿಗೆ ಹೊರಟಾಗ ಪೆಟ್ಟಿಗೆಯಲ್ಲಿ ಜಾಗವಾಗದೆ ಅದು ನನ್ನ ಪಾಲಿಗೆ ಉಳಿಯಿತು. ಇವತ್ತು ಬೆಳಿಗ್ಗೆ ಇಲ್ಲಿಯ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸಿನಲ್ಲಿ ಕೊಂಡ ನುಗ್ಗೆಕಾಯಿ ಇಡಲು ಡಿಕ್ಕಿ ತೆಗೆದವಳು ಸುಮ್ಮನೆ ನಿಂತುಬಿಟ್ಟೆ.

ಸುಮಿತ್ರಕ್ಕ ಪುಚೊಂಗಿನಲ್ಲಿ ನಮ್ಮ ಮೇಲಿನ ಮಹಡಿಯವರು. ಉಡುಪಿ ಕಡೆಯವರು, ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದರು. ಮೂಳೆಯ ವಿಷಯವಾಗಲಿ, ನನ್ನ ಸಾರಿನ ವಿಷಯವಾಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ನಾನೋ ಮೈಸೂರಿನವಳು, ನೀರೆಂದರೆ ನಲ್ಲಿಯಲ್ಲಿ ಬರುವುದು ಎಂದು ತಿಳಿದವಳು. ಅಂಥವಳನ್ನು ಪ್ರತಿ ಭಾನುವಾರ ಸೈಬರ್‌ಜಯಾದ ಆಚೆಗಿನ ಬೋಟ್‌ಹೌಸಿಗೆ ಎಳೆದೊಯ್ದು, ಇಬ್ಬರು ಕೂರುವ ಕಯಾಕ್ ದೋಣಿ ಬಾಡಿಗೆಗೆ ಹಿಡಿದು ಮುಂದೆ ಕೂರಿಸುತ್ತಿದ್ದರು. ಹಿಂದೆ ಕೂತರೆ ನಾನು ಹುಟ್ಟು ಹಾಕದೆ ಮೈಗಳ್ಳತನ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು.

ಅಲ್ಲಿ ಹೊಳೆ ಕೆರೆಗೆ ಇಳಿಯುವಲ್ಲಿ ಒಂದು ಲಾಕ್ ಇದೆ. ನೀವು ನೋಡಿಲ್ಲದಿದ್ದರೆ ದೋಣಿಗಳ ಲಿಫ್ಟ್ ಎಂದುಕೊಳ್ಳಿ. ಎರಡು ಕಬ್ಬಿಣದ ಗೇಟುಗಳ ನಡುವೆ ಕಾಂಕ್ರೀಟಿನ ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಗೇಟು ಮುಚ್ಚುತ್ತದೆ. ನೀರು ಮೆಲ್ಲಗೆ ಇಳಿಯುತ್ತದೆ, ಅದರೊಂದಿಗೆ ನಾವೂ. ಕೆರೆಯ ಮಟ್ಟಕ್ಕೆ ಬಂದ ಮೇಲೆ ಮುಂದಿನ ಗೇಟು ತೆರೆಯುತ್ತದೆ. ಅಲ್ಲಿಯವರೆಗೆ ಗೋಡೆಯಿಂದ ಇಳಿಬಿಟ್ಟ ಹಗ್ಗ ಹಿಡಿದು ಕಾಯಬೇಕು.

ಮೊದಲ ಸಲ ನಾನು ಹೂ ಕಟ್ಟುವ ಜಾಣ್ಮೆಯನ್ನೆಲ್ಲ ಸುರಿದು ಆ ಹಗ್ಗವನ್ನು ಕಯಾಕಿಗೆ ಬಿಗಿದೆ. ನೀರು ಇಳಿಯಿತು, ನಾವು ಇಳಿಯಲಿಲ್ಲ. ಕಯಾಕು ಮೂತಿ ಮೇಲೆತ್ತಿ ನೇತಾಡತೊಡಗಿತು. ಲಾಕ್ ನೋಡಿಕೊಳ್ಳುವ ಪಾಕ್‌ಚಿಕ್ (ಹಿರಿಯ ಗಂಡಸರನ್ನು ಇಲ್ಲಿ ಹಾಗೆ ಕರೆಯುತ್ತೇವೆ) ಮೇಲಿನಿಂದ "ಲೆಪಾಸ್, ಲೆಪಾಸ್" ಎಂದು ಕೂಗುತ್ತಲೇ ನೀರು ನಿಲ್ಲಿಸಿದರು. ಬಿಡು, ಬಿಡು ಎಂದರ್ಥ. ಗಂಟು ಬಿಚ್ಚಿದ್ದು ಸುಮಿತ್ರಕ್ಕ.

"ಕಟ್ಟುವುದಲ್ಲ ಮಾರಾಯ್ತಿ, ಹಿಡ್ಕೊಳ್ಳುವುದು. ನಾವು ಇಳಿದ ಹಾಗೆ ಅದು ಕೈಯಲ್ಲಿ ಜಾರ್ಲಿ."

ಆಮೇಲೆ ಎಷ್ಟೋ ಭಾನುವಾರ ಹಾಗೆ ಕೂತೆವು. ನಮ್ಮ ಮಾತೆಲ್ಲ ಆ ತೊಟ್ಟಿಯೊಳಗೇ. ಅವರು ನನ್ನ ಬೆನ್ನ ಹಿಂದೆ, ನನ್ನೆದುರು ಮುಚ್ಚಿದ ಗೇಟು. ಮುಖ ಕಾಣದಿದ್ದರೆ ಕಷ್ಟ ಹೇಳಿಕೊಳ್ಳುವುದು ಸುಲಭ. ಕೆಲಸ ಹೋದೀತೆಂಬ ಭಯವನ್ನು ಗಂಡನಿಗಿಂತ ಮೊದಲು ಹೇಳಿದ್ದು ಅವರಿಗೆ. ತೀರಿಹೋದ ಯಜಮಾನರ ಸುದ್ದಿಯನ್ನು ಅವರು ಎತ್ತುತ್ತಿದ್ದದ್ದೂ ಅಲ್ಲಿ ಮಾತ್ರ.

ಈ ದೇಶದಲ್ಲಿ ನಮ್ಮಂಥವರಿಗೆ ಕೆಲಸ ಮುಗಿದರೆ ವೀಸಾ ಮುಗಿಯಿತು. ಸುಮಿತ್ರಕ್ಕ ನಿವೃತ್ತರಾದರು, ಹೊರಟರು. ಪ್ರತಿ ಭಾನುವಾರ ಮನೆಯ ಲಿಫ್ಟಿನಲ್ಲಿ "ಬರ್ತೇನೆ ಆಯ್ತಾ" ಎನ್ನುತ್ತಿದ್ದವರು ಏರ್‌ಪೋರ್ಟಿನಲ್ಲಿ "ಹೋಗ್ತೇನೆ" ಎಂದರು.

"ಹಾಗನ್ನಬಾರದು ಅಕ್ಕ. ಬರ್ತೀನಿ ಅನ್ನಿ."

"ಸುಳ್ಳು ಯಾಕೆ ಹೇಳುವುದು ಮಾರಾಯ್ತಿ? ಇನ್ನು ಇಲ್ಲಿಗೆ ಬರ್ಲಿಕ್ಕೆ ನಂಗೆ ಆಗುದಿಲ್ಲ."

ನಿಜವೇ. ಆದರೂ ಆ ಒಂದು ಮಾತು ನನಗೆ ಬೇಕಿತ್ತು. ಆ ಸಿಟ್ಟಿಗೆ ಬೋಟ್‌ಹೌಸಿನ ದಾರಿಯನ್ನೇ ಬಿಟ್ಟಿದ್ದೆ.

ಇವತ್ತು ನುಗ್ಗೆಕಾಯಿಯನ್ನು ಡಿಕ್ಕಿಯಲ್ಲೇ ಬಾಡಲು ಬಿಟ್ಟು ನೇರ ಅಲ್ಲಿಗೇ ಹೋದೆ. ಅವರ ಜಾಕೆಟ್ ತೊಟ್ಟೆ; ಸಡಿಲ. ಒಬ್ಬಳೇ ಲಾಕಿನೊಳಗೆ ಹೋಗಿ ಹಗ್ಗ ಹಿಡಿದೆ.

ಪಾಕ್‌ಚಿಕ್ ಮೇಲಿನಿಂದ ಬಗ್ಗಿ ನೋಡಿದರು. "ಕಾಕಾಕ್ ಮಾನಾ?" ಅಕ್ಕ ಎಲ್ಲಿ ಎಂದು. ಇಷ್ಟು ದಿನ ನಮ್ಮನ್ನು ಒಡಹುಟ್ಟಿದವರೆಂದೇ ತಿಳಿದಿದ್ದರೇನೋ.

"ಬಾಲಿಕ್ ಕಂಪುಂಗ್," ಎಂದೆ. ಊರಿಗೆ ಹೋದರು.

ಇಲ್ಲಿ ಹಬ್ಬಕ್ಕೆಂದು ಎಲ್ಲರೂ ಬಾಲಿಕ್ ಕಂಪುಂಗ್ ಹೋಗುತ್ತಾರೆ, ರಜೆ ಮುಗಿದೊಡನೆ ವಾಪಸಾಗುತ್ತಾರೆ. ಹಾಗಾಗಿ ಪಾಕ್‌ಚಿಕ್ ಸಹಜವಾಗಿ ಕೇಳಿದರು, ಮತ್ತೆ ಯಾವಾಗ ಬರ್ತಾರೆ?

ನೀರು ಇಳಿಯತೊಡಗಿತ್ತು. ಒದ್ದೆ ಹಗ್ಗ ಕೈಯೊಳಗೆ ಜಾರುತ್ತಿತ್ತು. ಸಿಟ್ಟು ಬರಲಿಲ್ಲ, ಅಳು ಬಂತು.

"ಬರ್ತಾರೆ," ಎಂದೆ, ಕನ್ನಡದಲ್ಲೇ. ಪಾಕ್‌ಚಿಕ್ ಅರ್ಥವಾದವರಂತೆ ತಲೆಯಾಡಿಸಿದರು. ಸುಮಿತ್ರಕ್ಕ ಹೇಳಲಾರದ ಸುಳ್ಳನ್ನು ಅವರ ಜಾಕೆಟ್ ತೊಟ್ಟುಕೊಂಡೇ ಹೇಳಿದ್ದೆ.