ಸುಕ್ಕು ಬಿದ್ದ ಮೆಣಸಿನಕಾಯಿ

ನಮ್ಮ ಬ್ಯಾಡಗಿ ಓಣಿಯ ಅಂಗನವಾಡಿ ಟೀಚರ್ ತುರುಬಿನಲ್ಲಿ ಹೂವಿನ ಬದಲು ಪೆನ್ಸಿಲ್ ಸಿಗಿಸಿಕೊಳ್ಳುತ್ತಿದ್ದರು. ಓಣಿಯ ಅರ್ಧ ಜನಕ್ಕೆ ‘ಅ’ ತಿದ್ದಿಸಿದವರು ಅವರೇ, ನನಗೂ. ಯಾವ ಚಿತ್ರ ಬರೆದರೂ ಮೊದಲು ಎದುರಿಗಿದ್ದ ಮಗುವಿಗೆ ತೋರಿಸಿ, ಅದರ ಮುಖವನ್ನೇ ನೋಡುತ್ತ ಕೂರುತ್ತಿದ್ದರು. “ಕೂಸು ನಂಬಬೇಕಲ್ಲ ಮತ್ತ” ಎನ್ನುವುದು ಅವರ ಮಾತು.

ನಿವೃತ್ತರಾದ ಮೇಲೆ ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಬರೆದರು. ನಮ್ಮ ಮೆಣಸಿನಕಾಯಿ ಪ್ಯಾಟಿ ಸುತ್ತುವ ಇಲಿಯ ಕಥೆ ಅದು. ಒಂದು ದಿನ ನಾನು ಅವರ ಕಟ್ಟೆಯ ಮೇಲೆ ಕೂತಿದ್ದಾಗ ಪ್ರಕಾಶಕರ ಫೋನ್ ಬಂತು. ಕಾಯಿಗಳು ಮುದುಡಿದಂತೆ ಕಾಣುತ್ತವೆ, ನುಣುಪಾಗಿ ಹೊಳೆಯುವಂತೆ ತಿದ್ದಿಕೊಡಿ ಎಂದರು.

“ಸುಕ್ಕಿಲ್ಲಂದ್ರ ಅದು ಬ್ಯಾಡಗಿ ಕಾಯಿ ಅಲ್ರಿ. ನಮ್ಮೂರ ಕೂಸು ನಂಬಂಗಿಲ್ಲ. ಬ್ಯಾಡಂದ್ರ ಚಿತ್ರ ವಾಪಸ್ ಕಳಸ್ರಿ” ಎಂದು ಟೀಚರ್ ಮೆಲ್ಲಗೆ ಹೇಳಿ ಫೋನ್ ಇಟ್ಟರು. ಕಾಯಿ ಸುಕ್ಕಿನ ಸಮೇತ ಅಚ್ಚಾಯಿತು.

ಅದೇ ಪುಸ್ತಕದ ಚಿತ್ರಗಳಿಗೆ ಪ್ರಶಸ್ತಿ ಬಂತು. ಹಾವೇರಿಯ ಸಮಾರಂಭಕ್ಕೆ ನಮ್ಮ ಓಣಿಯೇ ಟೆಂಪೋ ಮಾಡಿಕೊಂಡು ಹೋಯಿತು. “ಉದಯೋನ್ಮುಖ ಕಲಾವಿದೆ” ಎಂದು ನಿರೂಪಕ ಕರೆದ. ಬಿಳಿ ತುರುಬಿನ ಟೀಚರ್ ಮೊಣಕಾಲು ಹಿಡಿದುಕೊಂಡು ವೇದಿಕೆ ಹತ್ತಿದ್ದು ಕಂಡು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಟೀಚರಿಗೂ ಕೇಳಿಸಿತು. ಮೈಕಿನ ಮುಂದೆ ನಿಂತು ಒಮ್ಮೆ ಕೆನ್ನೆ ಸವರಿಕೊಂಡರು.

“ನಾ ಬ್ಯಾಡಗಿಯಾಕಿರಿ. ನಮ್ಮೂರಾಗ ಸುಕ್ಕು ಬಿದ್ದ ಮ್ಯಾಲೇ ರೇಟು ಬರತೈತಿ.”